ಜೀನ್ಸ್ ವಾಶಿಂಗ್‌ಗೆ ಹೋದ ಸಿಪಾಯಿಯ ಖಾಕಿ

ಬಳ್ಳಾರಿಯ ನನ್ನ ಸ್ಟುಡಿಯೋಗೆ ಸೈನಿಕನ ವೇಷದಲ್ಲಿ ಫೋಟೋ ತೆಗೆಸೋಕೆ ಬರುವವರಲ್ಲಿ ನಾಟಕದವರೇ ಜಾಸ್ತಿ. ಒಂದು ತಂಡಕ್ಕೆ ಮೊದಲ ಮಹಾಯುದ್ಧದ ಸಿಪಾಯಿ ಬೇಕಾಗಿತ್ತು. 1914ರಿಂದ 1918ರವರೆಗಿನ ಆ ಯುದ್ಧಕ್ಕೆ ನಮ್ಮ ದೇಶದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು. ಅವರ ಹಳೆಯ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಮೊದಲು ಅವನ್ನೇ ಕೂತು ನೋಡಿದೆ.

ಬಾಡಿಗೆಗೆ ಸಿಗುವ ಖಾಕಿ ಗರಿಗರಿಯಾಗಿರುತ್ತದೆ. ಅದನ್ನು ಫೋಟೋಶಾಪ್‌ನಲ್ಲಿ ಹಳೆಯದು ಮಾಡ್ತಾ ಕೂತರೆ ರಾತ್ರಿಯೆಲ್ಲ ಸಾಲದು. ಅದಕ್ಕೆ ಬಟ್ಟೆ ಹೊಲಿಸಿ, ಗುರುತಿನವರ ಜೀನ್ಸ್ ವಾಶಿಂಗ್ ಯೂನಿಟ್‌ಗೆ ಕೊಟ್ಟೆ. ಹೊಸದನ್ನು ಹಳೆಯದು ಮಾಡುವುದೇ ನಮ್ಮೂರಿನ ಕಸುಬು ಅಲ್ವಾ! ಕಲ್ಲಿನ ಜೊತೆ ತಿರುಗಿಸಿದ ಮೇಲೆ ಹೊಲಿಗೆಯ ಅಂಚು, ಕಾಲರ್ ಎಲ್ಲ ತಾವಾಗಿಯೇ ಮಾಸಿದವು. ಮೊಣಕೈ ಹತ್ತಿರ ಮಾತ್ರ ಎಮರಿ ಪೇಪರ್‌ನಿಂದ ಉಜ್ಜಿಸಿದೆ.

ಕಾಲಿಗೆ ಸುತ್ತುವ ಪಟ್ಟಿಯಲ್ಲಿ ಒಂದು ಸೂಕ್ಷ್ಮ ಇದೆ. ಕಾಲಾಳುಗಳು ಹಿಮ್ಮಡಿಯಿಂದ ಮೇಲಕ್ಕೆ ಸುತ್ತಿ ಮೊಣಕಾಲಿನ ಕೆಳಗೆ ಕಟ್ಟುತ್ತಿದ್ದರು. ಕುದುರೆ ದಳದವರದು ಉಲ್ಟಾ, ಗಂಟು ಕೆಳಗೆ. ಬಂದೂಕನ್ನು ಬಡಗಿಯಿಂದ ಮರದಲ್ಲಿ ಮಾಡಿಸಿ ಅಗಸೆ ಎಣ್ಣೆ ಹಚ್ಚಿದೆವು. ಪ್ಲಾಸ್ಟಿಕ್ಕಿನ ಮಿಂಚು ಯಾವ ಎಡಿಟಿಂಗ್‌ಗೂ ಬಗ್ಗುವುದಿಲ್ಲ.

ಆ ಸಿಪಾಯಿಗಳು ಕಾದಾಡಿದ ಫ್ರಾನ್ಸ್‌ನ ಕೆಸರನ್ನು ಬಳ್ಳಾರಿಯ ಬಿಸಿಲಲ್ಲಿ ಎಲ್ಲಿಂದ ತರೋದು? ನಮ್ಮ ಸಿಪಾಯಿಗಳು ಮೆಸೊಪೊಟೇಮಿಯದಲ್ಲೂ, ಅಂದರೆ ಇವತ್ತಿನ ಇರಾಕ್‌ನಲ್ಲೂ ಕಾದಾಡಿದ್ದರು. ಅಲ್ಲಿ ಮಣ್ಣಿನ ಮನೆಗಳು. ಹತ್ತಿರದ ಹಳ್ಳಿಯೊಂದರ ಹಳೇ ಮಣ್ಣಿನ ಮಾಳಿಗೆ ಮನೆಯ ಗೋಡೆ ಸಾಕಾಯಿತು. ಗುಡ್ಡ ಚೆಂದ ಕಾಣ್ತಿತ್ತು, ಆದರೂ ಫ್ರೇಮಿನಿಂದ ಹೊರಗಿಟ್ಟೆ. ಬಂಡೆ ಕಂಡರೆ ಬಳ್ಳಾರಿ ಅಂತ ಗೊತ್ತಾಗಿಬಿಡುತ್ತೆ. ಸಂಜೆ ಗೋಡೆಯ ನೆರಳಲ್ಲಿ ನಿಲ್ಲಿಸಿ, ಬಿಳಿ ಪಂಚೆ ಹಿಡಿಸಿ ಪೇಟದ ಕೆಳಗಿನ ಕತ್ತಲು ತೆಗೆದೆ.

ಎಡಿಟಿಂಗ್‌ನಲ್ಲಿ ಸುಮ್ನೆ ಸೆಪಿಯಾ, ಅಂದರೆ ಕಂದು ಛಾಯೆ ಬಳಿದರೆ ಹಳೇ ಫೋಟೋ ಆಗೋದಿಲ್ಲ. ಆ ಕಾಲದಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಫಿಲ್ಮು, ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ, ನೀಲಿ ಮಾತ್ರ ಜೋರಾಗಿ ಬೀಳುತ್ತಿತ್ತು. ಹಾಗಾಗಿ ಕಪ್ಪುಬಿಳುಪು ಮಾಡುವಾಗ ಕೆಂಪು ಸ್ಲೈಡರ್ ಇಳಿಸಿ, ನೀಲಿಯನ್ನು ಏರಿಸಿದೆ. ತುಟಿ ಕಪ್ಪಾಯಿತು, ಮುಖದ ಕಲೆಗಳು ಎದ್ದವು, ಆಕಾಶ ಬೆಳ್ಳಗಾಯಿತು. ಕಿತ್ತಳೆಯನ್ನು ಮಾತ್ರ ಸ್ವಲ್ಪವೇ ಇಳಿಸಬೇಕು, ಇಲ್ಲದಿದ್ದರೆ ನಮ್ಮ ಮೈಬಣ್ಣದಲ್ಲಿ ಕಣ್ಣು ಮೂಗೆಲ್ಲ ಮುಳುಗಿಹೋಗುತ್ತೆ. ಚರ್ಮ ನುಣುಪು ಮಾಡುವ ಟೂಲ್ ಮುಟ್ಟಲೇ ಇಲ್ಲ. ಕೊನೆಗೆ ಚೂರು ಗ್ರೇನ್, ಅಂದರೆ ಹಳೇ ಫಿಲ್ಮಿನ ಹಾಗೆ ಸಣ್ಣ ಸಣ್ಣ ಚುಕ್ಕೆ.

“ಅಣ್ಣ, ಹಿಂದೆ ಒಂದೀಟು ಬೆಂಕಿ ಹೊಗೆ ಹಾಕ್ರಿ” ಅಂದ ಹುಡುಗನೊಬ್ಬ. ಹಳೇ ಫೋಟೋಗಳನ್ನು ತೋರಿಸಿದೆ. ಅಲ್ಲಿ ಯಾರ ಹಿಂದೆಯೂ ಬೆಂಕಿ ಇಲ್ಲ, ನೆಟ್ಟಗೆ ಕ್ಯಾಮೆರಾ ನೋಡ್ತಾ ನಿಂತಿದ್ದಾರೆ ಅಷ್ಟೇ. ಅವನೂ ಹಾಗೇ ನಿಂತ.

ಈಗಿನ ಸೇನೆಯ ಯೂನಿಫಾರ್ಮ್ ಹಾಕಿಕೊಂಡು ಬರುವವರಿಗೆ ನಾನು ಫೋಟೋ ತೆಗೆದುಕೊಡುವುದಿಲ್ಲ. ಸೈನಿಕ ಅಂತ ಜನರನ್ನು ನಂಬಿಸಲು ಆ ಬಟ್ಟೆ ಹಾಕುವುದು ಅಪರಾಧ. ಫೋಟೋ ಯಾರ ಮೊಬೈಲಿಗೆ ಹೋಗಿ ಏನಾಗುತ್ತೋ ಯಾರಿಗೆ ಗೊತ್ತು?