ಸಂಕದ ಮೇಲೆ ಕಾಲು ಉಳುಕಿದರೆ ಎಳೆಸಬೇಡಿ, ಹೀಗೆ ಮಾಡಿ

ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಹಂಗಾಮು ಬಂತೆಂದರೆ ಕಾಲುಗಳಿಗೆ ಕಷ್ಟಕಾಲ. ಮರ ಹತ್ತುವ ಕೊನೆಗೌಡ ತುದಿಯಲ್ಲಿ ಮೈಲುತುತ್ತದ ದ್ರಾವಣ ಹೊಡೆಯುತ್ತಿದ್ದರೆ ಕೆಳಗೆ ಪೈಪು ಎಳೆಯುವವರು ಮೇಲೆ ನೋಡುತ್ತಲೇ ಹೆಜ್ಜೆ ಹಾಕುತ್ತಾರೆ. ಕಾಲುವೆ ದಾಟಲು ಹಾಕಿದ, ಹಾವಸೆಗಟ್ಟಿದ ಸಂಕವೋ ಸೊಪ್ಪು ಮುಚ್ಚಿದ ಕಾಲುವೆಯ ಅಂಚೋ ಸಿಕ್ಕಿತು, ಅಂಗಾಲು ಒಳಮುಖವಾಗಿ ಮಗುಚಿತು. ಅರ್ಧ ಗಂಟೆಯಲ್ಲಿ ಹರಡು, ಅಂದರೆ ಪಾದವೂ ಕಣಕಾಲೂ ಸೇರುವ ಕೀಲು, ಊದಿಕೊಳ್ಳುತ್ತದೆ. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಹೇಳುತ್ತಾರೆ: ಎಣ್ಣೆ ಹಚ್ಚಿ ಎಳೆಸಿಬಿಡಿ, ಸರಿಯಾಗುತ್ತದೆ. ದಯವಿಟ್ಟು ಎಳೆಸಬೇಡಿ.

ಕಾರಣ ಹರಡಿನ ರಚನೆಯಲ್ಲೇ ಇದೆ. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನ ತಾಲಸ್ ಎಂಬ ಮೂಳೆಯನ್ನು ಕಣಕಾಲಿನ ಎರಡು ಮೂಳೆಗಳ ತುದಿಗಳು ಇಕ್ಕಳದಂತೆ ಹಿಡಿದಿವೆ. ಹರಡಿನ ಎರಡು ಬದಿಗೆ ಕೈಗೆ ಸಿಗುವ ಉಬ್ಬುಗಳು ಈ ತುದಿಗಳೇ. ಮುಟ್ಟಿ ನೋಡಿ, ಹೊರಗಿನ ಉಬ್ಬು ಒಳಗಿನದಕ್ಕಿಂತ ಕೆಳಗಿದೆ. ಹಾಗಾಗಿ ಪಾದ ಹೊರಕ್ಕೆ ಸುಲಭವಾಗಿ ಮಗುಚುವುದಿಲ್ಲ, ಒಳಕ್ಕೆ ಮಗುಚುತ್ತದೆ. ಅದನ್ನು ತಡೆಯಲು ಹೊರಬದಿಯಲ್ಲಿರುವುದು ಮೂರು ಅಸ್ಥಿರಜ್ಜುಗಳು, ಮೂಳೆಗೆ ಮೂಳೆಯನ್ನು ಬಿಗಿದ ಹಗ್ಗಗಳು. ಉಳುಕಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಮುಂದಿನ ಹಗ್ಗ. ಅಂದರೆ ಜಾಗ ತಪ್ಪಿದ ಏನನ್ನೋ ಮತ್ತೆ ಕೂರಿಸುವ ಕೆಲಸವೇ ಇಲ್ಲಿಲ್ಲ. ಎಳೆದರೆ ಅರ್ಧ ಹರಿದದ್ದು ಪೂರ್ತಿ ಹರಿಯಬಹುದು.

ಮೊದಲು ಮೂಳೆ ಮುರಿದಿದೆಯೇ ನೋಡಬೇಕು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ಪರೀಕ್ಷೆಯನ್ನು ಜಗತ್ತಿನಾದ್ಯಂತ ವೈದ್ಯರು ಬಳಸುತ್ತಾರೆ. ಎರಡೂ ಉಬ್ಬುಗಳ ತುದಿಯನ್ನು, ಅಲ್ಲಿಂದ ಹಿಂಬದಿಯ ಅಂಚಿನಗುಂಟ 6 ಸೆಂಟಿಮೀಟರ್ ಮೇಲಿನವರೆಗೆ ಬೆರಳಿನಿಂದ ಒತ್ತಿ. ಪಾದದ ಹೊರ ಅಂಚಿನ ನಡುವೆ ಸಿಗುವ ಗಂಟನ್ನೂ ಒಳಬದಿಯಲ್ಲಿ ಹರಡಿನ ಮುಂದಿರುವ ಉಬ್ಬನ್ನೂ ಒತ್ತಿ. ಮೂಳೆಯ ಮೇಲೆಯೇ ನೋವಿದ್ದರೆ ಅಥವಾ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಎಕ್ಸ್‌ರೇ ಬೇಕು. ಹೊರ ಅಂಚಿನ ಆ ಗಂಟನ್ನು ಮರೆಯಬೇಡಿ. ಅಲ್ಲಿ ಮುರಿದದ್ದನ್ನೂ ಬರಿಯ ಉಳುಕೆಂದು ಬಿಟ್ಟುಬಿಡುವುದುಂಟು. ಮಕ್ಕಳಿಗೆ ಮತ್ತು ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗೆ ಈ ಪರೀಕ್ಷೆಯನ್ನು ನಂಬಿ ಕೂರದೆ ನೇರವಾಗಿ ವೈದ್ಯರಲ್ಲಿಗೆ ಹೋಗುವುದು ಲೇಸು.

ಕಾರವಾರದ ಮರಳಿನಲ್ಲಿ ವಾಲಿಬಾಲ್ ಆಡುವವರಿಗೆ ಇನ್ನೊಂದು ಮಾತು. ನೆಗೆಯುವಾಗ ಹಿಮ್ಮಡಿಯ ಮೇಲೆ ಯಾರೋ ಒದ್ದಂತಾಗಿ ಟಪ್ಪೆಂದು ಸದ್ದಾದರೆ ಅದು ಉಳುಕಲ್ಲದಿರಬಹುದು. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿ. ಪಾದ ಅಲುಗದಿದ್ದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜು ತುಂಡಾಗಿರುವ ಸಂಭವ ಹೆಚ್ಚು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತೋಟದ ತಳದಿಂದ ಮನೆಗೆ ತರುವಾಗ ಕೈಗೆ ಸಿಗುವ ಒಳ್ಳೆಯ ಸಾಧನ ಅಡಿಕೆ ಹಾಳೆ. ಅಂಗಾಲಿನ ಕೆಳಗಿನಿಂದ ಕಣಕಾಲಿನ ಎರಡು ಬದಿಗೆ ಬರುವಂತೆ ಬಗ್ಗಿಸಿ, ಒಳಗೆ ಪಂಜೆಯೋ ಟವೆಲ್ಲೋ ಮಡಚಿಟ್ಟು, ಬಟ್ಟೆಯ ಪಟ್ಟಿಯಿಂದ ಹದವಾಗಿ ಕಟ್ಟಿ. ಪಾದ ಓರೆಯಾಗಿ ಕಂಡರೆ ಅದನ್ನು ನೇರ ಮಾಡಲು ಹೋಗದೆ ಇದ್ದ ಹಾಗೆಯೇ ಕಟ್ಟಿ, 108ಕ್ಕೆ ಕರೆ ಮಾಡಿ.

ಬರಿಯ ಉಳುಕೇ ಆಗಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಿ. ಮಳೆಗಾಲದಲ್ಲಿ ಕರೆಂಟಿಲ್ಲದೆ ಮಂಜುಗಡ್ಡೆ ಸಿಗದಿದ್ದರೆ ಬಾವಿಯ ತಣ್ಣೀರಿನ ಪಟ್ಟಿ ಸಾಕು. ಮೊದಲ ಎರಡು ದಿನ ದಿನಕ್ಕೆ ಕೆಲವು ಸಲ ಹೀಗೆ ಮಾಡಿ. ಬಿಸಿನೀರಿನ ಶಾಖ, ತಿಕ್ಕುವುದು ಬೇಡ. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತಿ. ಬೆರಳು ನೀಲಿಯಾದರೆ, ಜುಮುಗುಟ್ಟಿದರೆ ಸಡಿಲಿಸಿ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ.

ನೋವು ಹತೋಟಿಗೆ ಬಂದ ಮೇಲೆ ಎಲ್ಲರೂ ಬಿಟ್ಟುಬಿಡುವ ಕೆಲಸವೊಂದು ಉಳಿದಿರುತ್ತದೆ, ಅದೇ ಮುಖ್ಯವಾದದ್ದು. ಪಾದ ಎತ್ತ ವಾಲಿದೆ ಎಂದು ಮಿದುಳಿಗೆ ತಿಳಿಸುವ ನರಗಳ ತುದಿಗಳು ಹರಡಿನ ಅಸ್ಥಿರಜ್ಜುಗಳಲ್ಲೂ ಇವೆ. ಹರಿದಾಗ ಆ ಅರಿವೂ ಮಂಕಾಗುತ್ತದೆ, ಉಳುಕಿದ ಕಾಲೇ ಮತ್ತೆ ಉಳುಕುತ್ತದೆ. ಕುಳಿತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಆಮೇಲೆ ಗೋಡೆಯ ಪಕ್ಕ ಆ ಒಂದೇ ಕಾಲಿನ ಮೇಲೆ 30 ಸೆಕೆಂಡು ನಿಲ್ಲಿ. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಅಷ್ಟು ಬರುವ ತನಕ ಪೈಪು ಎಳೆಯುವ ಕೆಲಸವನ್ನು ಬೇರೆಯವರಿಗೆ ಬಿಡಿ.