ಮೊದಲು ಚಪ್ಪಲಿ ಹಾಕಿ, ಮನಸ್ಸು ಆಮೇಲೆ ಬರಲಿ

‘ಮನಸ್ಸು ಸರಿಹೋಗಲಿ, ಆಮೇಲೆ ಎದ್ದು ಓಡಾಡ್ತೀನಿ.’ ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವ ಹೆಚ್ಚಿನವರು ಹೀಗೇ ಕಾಯುತ್ತಾರೆ. ಕಾದಷ್ಟೂ ಹಾಸಿಗೆ ಇನ್ನಷ್ಟು ಹಿಡಿದುಕೊಳ್ಳುತ್ತದೆ. ಮೊದಲು ಕೈಕಾಲು ಆಡಲಿ, ಮನಸ್ಸು ಹಿಂದೆಯೇ ಬರುತ್ತದೆ ಅನ್ನುವುದು ‘ಬಿಹೇವಿಯರಲ್ ಆಕ್ಟಿವೇಶನ್’ ಚಿಕಿತ್ಸೆಯ ತಿರುಳು. ಮನೆಯಲ್ಲೇ ಶುರು ಮಾಡಬಹುದು.

1. ಏಳುವ ಹೊತ್ತು ಗೊತ್ತುಮಾಡಿ

ನಿದ್ದೆ ಯಾವಾಗ ಬರುತ್ತದೆ ಅನ್ನುವುದು ನಮ್ಮ ಕೈಲಿಲ್ಲ. ಏಳುವುದು ಸ್ವಲ್ಪವಾದರೂ ಇದೆ. ರಾತ್ರಿ ನಿದ್ದೆ ಕೆಟ್ಟರೂ ಅದೇ ಹೊತ್ತಿಗೆ ಎದ್ದು ಬೆಳಕಿಗೆ ಬನ್ನಿ, ರಜಾ ದಿನವೂ ಅಷ್ಟೇ. ದೇಹದ ಗಡಿಯಾರ ಬೆಳಗಿನ ಬೆಳಕು ನೋಡಿ ಸರಿಹೋಗುತ್ತದೆ. ಮಲಗಿ ಸುಮಾರು 20 ನಿಮಿಷವಾದರೂ ಹೊರಳಾಟವೇ ಆದರೆ ಎದ್ದು ಬೇರೆ ಕಡೆ ಕೂರಿ, ತೂಕಡಿಕೆ ಬಂದಾಗ ವಾಪಸ್ ಹೋಗಿ. ಕಾಫಿಯಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಹಾಗಾಗಿ ಸಂಜೆ ಕಾಫಿ ಬಿಟ್ಟರೆ ಒಳ್ಳೆಯದು.

2. ಕೆಲಸವನ್ನು ನಾಚಿಕೆಯಾಗುವಷ್ಟು ಚಿಕ್ಕದು ಮಾಡಿ

ಸ್ನಾನ ಬೆಟ್ಟದಂತೆ ಕಾಣುತ್ತಿದೆಯಾ? ಇವತ್ತು ಟವೆಲ್ ತೆಗೆದು ಬಚ್ಚಲ ಬಾಗಿಲಿಗೆ ಹಾಕಿ. ಆಮೇಲೆ ಮುಖಕ್ಕೆ ನೀರು. ಅಲ್ಲಿಗೇ ನಿಂತರೂ ಲೆಕ್ಕಕ್ಕೆ ಸೇರುತ್ತದೆ. ವಾಕಿಂಗ್ ಅಂದರೆ ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಿ ಬರುವುದು. ಹೋಗುವ ಮುಂಚೆ, ಬಂದ ಮೇಲೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಗೀಚಿಡಿ. ಮಕ್ಕಳಾಟ ಅನ್ನಿಸುತ್ತದೆ, ನನಗೂ ಹಾಗೇ ಅನ್ನಿಸಿತ್ತು. ಆದರೆ ‘ಏನು ಮಾಡಿದರೂ ಅಷ್ಟೇ’ ಅಂತ ಮನಸ್ಸು ಹೇಳುವಾಗ, 2 ಇದ್ದದ್ದು 3 ಆಗಿದೆ ಅಂತ ಚೀಟಿ ತೋರಿಸುತ್ತದೆ.

3. ಮಾತ್ರೆಗೆ ಸಮಯ ಕೊಡಿ

ಖಿನ್ನತೆಯ ಮಾತ್ರೆ ನಾಟಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹೊಟ್ಟೆ ತೊಳಸುವಂಥ ತೊಂದರೆ ಮಾತ್ರ ಮೊದಲೇ ಹಾಜರು. ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. ಹುಷಾರಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ. ನಿಲ್ಲಿಸುವುದಿದ್ದರೆ ಅವರನ್ನು ಕೇಳಿ, ನಿಧಾನಕ್ಕೆ ಇಳಿಸಿ.

4. ಚೆನ್ನಾಗಿರುವ ದಿನವೇ ಮಾತಾಡಿಕೊಳ್ಳಿ

‘ಬೇಜಾರಾದ್ರೆ ಫೋನ್ ಮಾಡು’ ಅನ್ನುತ್ತಾರೆ. ಆ ದಿನ ಫೋನ್ ಎತ್ತುವುದೇ ಕಷ್ಟ ಅಲ್ವಾ? ನಿಮ್ಮ ಆಪ್ತರಿಗೆ ಈಗಲೇ ಹೇಳಿಡಿ: ‘ಎರಡು ದಿನ ಫೋನ್ ತೆಗೀಲಿಲ್ಲ ಅಂದ್ರೆ ಮನೆಗೆ ಬಾ. ಏನೂ ಕೇಳಬೇಡ, ಸುಮ್ನೆ ಕೂತ್ಕೋ.’ ಖಿನ್ನತೆ ಮತ್ತೆ ಜಾಸ್ತಿಯಾಗುವಾಗ ನಿಮ್ಮಲ್ಲಿ ಕಾಣುವ ಮುನ್ಸೂಚನೆಗಳನ್ನೂ ಬರೆದು ಕೊಡಿ. ತೊಳೆಯದ ಪಾತ್ರೆ ರಾಶಿ ಬೀಳುವುದು, ರಾತ್ರಿ 3ಕ್ಕೆ ಎಚ್ಚರವಾಗುವುದು, ಹೀಗೆ.

ಜೊತೆಗಿರುವವರಿಗೆ ಒಂದು ಮಾತು. ‘ಧೈರ್ಯ ತಗೋ’ ಅಂದರೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ‘ಆರು ಗಂಟೆಗೆ ಬರ್ತೀನಿ, ಹತ್ತು ನಿಮಿಷ ನಡೆಯೋಣ’ ಅನ್ನಿ.

5. ಕಾಯಬಾರದ ಹೊತ್ತು

ಬೇಜಾರು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ, ಹೆಚ್ಚುಕಡಿಮೆ ದಿನವೂ ಇದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಅವತ್ತೇ ಯಾರಿಗಾದರೂ ಹೇಳಿ, ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಆಸ್ಪತ್ರೆಗೆ ಹೋಗಿ. ಹತ್ತಿರದವರಿಗೆ ಅಂಥ ಯೋಚನೆ ಇರಬಹುದು ಅನ್ನಿಸಿದರೆ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆಯ ಡಬ್ಬಿ ಕೈಗೆ ಸಿಗದಂತೆ ಎತ್ತಿಡಿ.