ಟೈಪಿಂಗ್ ಅಂಗಡಿಗೆ ಲಿನಕ್ಸ್: ನನ್ನ ಅನುಭವ

"ಲಿನಕ್ಸ್‌ನಲ್ಲಿ ಕನ್ನಡ ಜಾಬ್ ಟೈಪಿಂಗ್ ಆಗಲ್ಲ ಗುರೂ" ಅಂದವರು ಒಬ್ಬಿಬ್ಬರಲ್ಲ. ನಮ್ಮ ಅಂಗಡಿಯ ಮೂರು ಮಷಿನ್‌ಗಳು ಈಗ ಏಳೆಂಟು ತಿಂಗಳಿಂದ, ವಿಂಡೋಸ್ ಬದಲಿಗೆ, ಹಗುರವಾದ ಲಿನಕ್ಸ್ ಆವೃತ್ತಿ ಮಿಂಟ್ ಎಕ್ಸ್‌ಎಫ್‌ಸಿಇಯಲ್ಲೇ ಓಡುತ್ತಿವೆ. ಅಂದವರೇ ಈಗ ಬಂದು ನೋಡಿಕೊಂಡು ಹೋಗುತ್ತಾರೆ.

ಎಲ್ಲವೂ ಮೂರನೇ ಜನರೇಶನ್ ಐ3 ಪ್ರೊಸೆಸರ್ ಇರುವ ಹಳೇ ಮಷಿನ್‌ಗಳು. ವಿಂಡೋಸ್ 11ಕ್ಕೆ ಲಾಯಕ್ಕಿಲ್ಲ, 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸದಕ್ಕೆ ಕೊಟೇಶನ್ ಕೇಳಿದರೆ ಒಂದಕ್ಕೆ ಮೂವತ್ತು ಸಾವಿರದ ಹತ್ತಿರ. ನಾನು ಸುರಿದದ್ದು ಮಷಿನ್‌ಗೆ ಎರಡು ಸಾವಿರ ಚಿಲ್ಲರೆ: 240 ಜಿಬಿ ಎಸ್‌ಎಸ್‌ಡಿ, ಜೊತೆಗೆ ಎಸ್‌ಪಿ ರಸ್ತೆಯಲ್ಲಿ ಸಿಕ್ಕ ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್. ಝಡ್‌ರ‍್ಯಾಮ್ ಅನ್ನುವ, ಮೆಮೊರಿಯನ್ನು ಒತ್ತಿ ಜಾಗ ಉಳಿಸುವ ಸೌಲಭ್ಯ ಆನ್ ಮಾಡಿ, ಅದನ್ನು ಎಷ್ಟು ಬಳಸಬೇಕು ಅನ್ನುವ ಸ್ವಾಪಿನೆಸ್ ಅಂಕಿಯನ್ನು 150ರ ಸುತ್ತ ಇಟ್ಟೆ. ಅಷ್ಟೇ.

ಕೀಬೋರ್ಡ್ ಸಮಸ್ಯೆಯೇ ಅಲ್ಲ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಐಬಸ್‌ಗೆ ಎಂ17ಎನ್ ಎಂಬ ಭಾಷಾ ಪ್ಯಾಕೇಜ್ ಹಾಕಿದರೆ ನುಡಿ ತಂತ್ರಾಂಶದಲ್ಲಿರುವ ಕೆಜಿಪಿ ಕೀಲಿ ಲೇಔಟ್ ಸಿಗುತ್ತದೆ. ನುಡಿಯಲ್ಲಿ ಕೈ ಪಳಗಿದ ನಮ್ಮ ಟೈಪಿಸ್ಟ್ ಮೇಡಂ ಗೊಣಗಿದ್ದು ಮೆನು ಎಲ್ಲಿದೆ ಅಂತ ಮಾತ್ರ.

ತಲೆ ತಿಂದದ್ದು ಹಳೇ ಫೈಲುಗಳು. ಹದಿನೈದು ವರ್ಷದ ಕ್ರಯಪತ್ರ, ವಿಲ್, ಬಾಡಿಗೆ ಕರಾರು ಎಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಆಕಾರ ಕೂರಿಸಿದ ಹಳೇ ಆಸ್ಕಿ ಫಾಂಟ್‌ನಲ್ಲಿದ್ದವು. ಹಳೇ ಸಾಫ್ಟ್‌ವೇರನ್ನು ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್ ಮೇಲೆ ಓಡಿಸುವ ವೈನ್‌ನಲ್ಲಿ ಓಡಿಸಲು ಹೋಗಿ ವಾರಗಟ್ಟಲೆ ಹಾಳಾಯಿತು. ಲಿನಕ್ಸ್ ಒಳಗೇ ವಿಂಡೋಸ್ ಓಡಿಸುವ ವರ್ಚುವಲ್ ಮಷಿನ್ ತೆವಳಿತು. ಕೊನೆಗೆ ಫೈಲುಗಳನ್ನು ಯುನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಈಗಿನ ವ್ಯವಸ್ಥೆ) ಬದಲಿಸುವ ಪೈಥಾನ್ ಸ್ಕ್ರಿಪ್ಟೇ ಗತಿ. ಸಿದ್ಧ ಕನ್ವರ್ಟರ್‌ಗಳಿವೆ, ಆದರೆ ನಾನು ನೋಡಿದ ಕೆಲವು ಅರ್ಕಾವತ್ತಿನಲ್ಲಿ ಎಡವುತ್ತಿದ್ದವು. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಅಕ್ಷರಕ್ಕಿಂತ ಮೊದಲು ಬರಬೇಕು. ಒತ್ತಕ್ಷರವೂ ಹಾಗೇ: ಅಲ್ಲಿ ಗುಣಿತ ಮೊದಲು ಒತ್ತು ಆಮೇಲೆ, ಇಲ್ಲಿ ತಿರುಗಮುರುಗ. ಇದಕ್ಕಿಂತ ಕಷ್ಟ ಅಂದರೆ ಮಧ್ಯೆ ಬರುವ ಇಂಗ್ಲಿಷ್. ಪಾನ್ ನಂಬರ್ ಕೂಡ ಕನ್ನಡವಾಗಿ ಕುಣಿಯುತ್ತಿತ್ತು! ಅದನ್ನು ಹೇಗೆ ಬೇರೆ ಮಾಡುತ್ತೇನೆ ಅನ್ನುವುದು ಅಂಗಡಿಯ ಗುಟ್ಟು. ಫೈಲಿನೊಳಗೆ ಫಾಂಟ್ ಹೆಸರು ಇರುತ್ತದೆ, ಅಷ್ಟು ಹೇಳಬಲ್ಲೆ.

ಪ್ರಿಂಟರ್‌ಗೆ ಒಂದಿಷ್ಟು ದುಡ್ಡು ಹೋಯಿತು. ಹಳೇ ಲೇಸರ್ ಪ್ರಿಂಟರ್ ಹಟ ಹಿಡಿಯಿತು. ಡ್ರೈವರ್ ಕೂರುತ್ತದೆ, ಒಂದು ಪೇಜ್ ಬರುತ್ತದೆ, ಮುಂದಿನದು ಕ್ಯೂನಲ್ಲೇ ಮಲಗುತ್ತದೆ. ಅದನ್ನು ಮಾರಿ, ಮೇಲೆ ಮೂರೂವರೆ ಸಾವಿರ ಹಾಕಿ, ಪೋಸ್ಟ್‌ಸ್ಕ್ರಿಪ್ಟ್ (ಪ್ರಿಂಟರ್ ನೇರವಾಗಿ ಅರ್ಥ ಮಾಡಿಕೊಳ್ಳುವ ಪುಟ ಭಾಷೆ) ಇರುವ ಹಳೇ ಆಫೀಸ್ ಪ್ರಿಂಟರ್ ತಂದೆ. ಹಸಿರು ಕರಾರು ಪೇಪರ್‌ಗೆ ಹೊಡೆಯುವವರು ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆಯಾದ ಕಪ್ಸ್‌ನಲ್ಲೇ ಲೀಗಲ್ ಸೈಜ್ ಡಿಫಾಲ್ಟ್ ಮಾಡಿಡಿ. ಎ4 ಇದ್ದರೆ ಮಾರ್ಜಿನ್ ಕೆಟ್ಟು ಪೇಪರ್ ದಂಡ.

ನಡುವೆ ಸುಮ್ನೆ ಪುಟ ವಿನ್ಯಾಸದ ಪ್ರೋಗ್ರಾಂ ಸ್ಕ್ರೈಬಸ್‌ನಲ್ಲಿ ಲಗ್ನಪತ್ರಿಕೆಯನ್ನೂ ಮಾಡಿ ನೋಡಿದೆ. ಅದರ 1.4 ಆವೃತ್ತಿಯಲ್ಲಿ ಒತ್ತುಗಳು ಚೆದುರುತ್ತಿದ್ದವು, 1.6ರಲ್ಲಿ ಚೆನ್ನಾಗಿ ಕೂರುತ್ತವೆ. ತಲೆಬರಹಕ್ಕೆ ನವಿಲು ಫಾಂಟ್ ಹಾಕಿದೆ. ಪ್ರೆಸ್‌ನವರು ಕೋರಲ್ ಡ್ರಾ ಫೈಲೇ ಬೇಕು ಅಂದರು. ಪಿಡಿಎಫ್ ಕೊಟ್ಟೆ, ಐನೂರು ಕಾರ್ಡ್ ಮಾತಿಲ್ಲದೆ ಬಂತು.

ನಾಲ್ಕನೇ ಮಷಿನ್ ಇನ್ನೂ ವಿಂಡೋಸ್‌ನಲ್ಲೇ ಇದೆ, ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್‌ನಂಥ ಟೋಕನ್‌ಗಾಗಿ. ಮಿಂಟ್‌ನಲ್ಲಿ ಟೋಕನ್ ಏನೋ ಕಾಣುತ್ತದೆ, ಸಹಿ ಹಾಕುವ ಪ್ರೋಗ್ರಾಂ ಒಪ್ಪುತ್ತಿಲ್ಲ. ಯಾರಾದರೂ ಓಡಿಸಿದ್ದರೆ ಹೇಳಿ, ಕನ್ವರ್ಟರ್ ಗುಟ್ಟು ಬೇಕಾದರೆ ಅದಲು ಬದಲು ಮಾಡಿಕೊಳ್ಳೋಣ.